ಹಳೆಯ 207 ಮತ್ತು ಹಿತ್ತಲಿನ ಶೆಡ್

ಗಾಡಿ ಮನೆಗೆ ಬಂದ ದಿನ ನಮ್ಮ ಹಿತ್ತಲಲ್ಲಿ ಶೆಡ್ ಇರಲಿಲ್ಲ. ಎರಡು ತೆಂಗಿನ ಮರ, ಬಟ್ಟೆ ಒಗೆಯುವ ಕಲ್ಲು, ಮಿಕ್ಕಿದ್ದೆಲ್ಲ ಕೆಂಪು ಮಣ್ಣು. ಖಾನಾಪುರ ಕಡೆಯ ಒಂದು ತೋಟದಲ್ಲಿ ಮಾವಿನ ಮರದ ಕೆಳಗೆ ಮೂರು ವರ್ಷ ನಿಂತಿದ್ದ 2006ರ ಟಾಟಾ 207 ಡಿಐ ಪಿಕಪ್ ಅದು. 85 ಸಾವಿರಕ್ಕೆ ಕೊಂಡು ತಂದೆ. ನಾನು ಚಿಕ್ಕವನಿದ್ದಾಗ ಅಪ್ಪ ಗೆಣಸು ಹೇರಿಕೊಂಡು ಬೆಳಗಾವಿ ಮಾರ್ಕೆಟ್‌ಗೆ ಹೋಗುತ್ತಿದ್ದುದು ಇಂಥದೇ ಬಾಡಿಗೆ 207ರಲ್ಲಿ. ಅದರ ಎಂಜಿನ್ ಸದ್ದು ಕೇಳಿದರೆ ನನಗೆ ಇವತ್ತಿಗೂ ಬೆಳಗಿನ ನಾಲ್ಕು ಗಂಟೆ ನೆನಪಾಗುತ್ತದೆ.

ಮೊದಲು ಶೆಡ್ ಕಟ್ಟು, ಆಮೇಲೆ ಗಾಡಿ ತಾ ಎಂದು ಎಲ್ಲರೂ ಹೇಳಿದರು. ನಾನು ಉಲ್ಟಾ ಮಾಡಿದೆ. ಎಲ್ಲಿ ಬೆಳಕು ಬೇಕು, ಯಾವ ಕಡೆ ಗೋಡೆ ಬೇಕು, ಬೆಂಚ್ ಎಷ್ಟು ಎತ್ತರ ಇರಬೇಕು ಎನ್ನುವುದು ಕೆಲಸ ಶುರು ಮಾಡದೆ ಗೊತ್ತಾಗುವುದಿಲ್ಲ. ನನ್ನ ಶೆಡ್‌ನ ಒಂದೊಂದು ಮೂಲೆಯನ್ನೂ ಈ ಗಾಡಿಯೇ ಕೇಳಿ ಮಾಡಿಸಿಕೊಂಡಿದೆ.

ಹಣ ಕೊಡುವ ಮುಂಚೆ ನೋಡಿದ್ದು ಕಾಗದ. ಆರ್‌ಸಿ ಯಾರ ಹೆಸರಲ್ಲಿದೆ, ಸಾಲದ ನಮೂದು ತೆಗೆಸಿದ್ದಾರಾ, ಟ್ಯಾಕ್ಸ್ ಎಷ್ಟು ಬಾಕಿ ಇದೆ. ಆಮೇಲೆ ವೈರ್ ಬ್ರಷ್ ಹಿಡಿದು, ಗಾಡಿಯ ತಳದ ಕಬ್ಬಿಣದ ಚೌಕಟ್ಟಾದ ಚಾಸಿಯ ಮೇಲಿನ ನಂಬರ್ ಉಜ್ಜಿ ಓದಿದೆ. ಅದು ತುಕ್ಕಿನಲ್ಲಿ ಅಳಿಸಿಹೋಗಿದ್ದರೆ ಗಾಡಿ ಎಷ್ಟೇ ಚೆನ್ನಾಗಿರಲಿ, ಬೇಡ.

ಮೊದಲ ಭಾನುವಾರವೇ ನೆಲ ಪಾಠ ಕಲಿಸಿತು. ಹಿಂದಿನ ಚಕ್ರ ಬಿಚ್ಚಲು ಜ್ಯಾಕ್ ಕೊಟ್ಟೆ. ಗಾಡಿ ಮೇಲೆ ಏಳುವ ಬದಲು ಜ್ಯಾಕ್ ಮಣ್ಣಿನೊಳಗೆ ಇಳಿಯಿತು. ಕೆಳಗೆ ಹಲಗೆ ಇಟ್ಟೆ, ಹಲಗೆ ಓರೆಯಾಯಿತು. ಅಂದೇ ಕೆಲಸ ನಿಲ್ಲಿಸಿದೆ. ಕೈಯಲ್ಲಿ ಇದ್ದ ದುಡ್ಡಿಗೆ ಅರ್ಧ ಜಾಗಕ್ಕೆ ಮಾತ್ರ ಐದು ಇಂಚು ಕಾಂಕ್ರೀಟ್ ಹಾಕಿಸಿದೆ. ಸುತ್ತ ಮಣ್ಣಿನ ಕಟ್ಟೆ ಕಟ್ಟಿ ಮೂರು ವಾರ ನೀರು ನಿಲ್ಲಿಸಿದೆವು. ಅವ್ವ ದಿನಾ ಎರಡು ಹೊತ್ತು ಕೊಡ ಹಿಡಿದು ಹೋಗುತ್ತಿದ್ದಳು. ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ಗುಂಡಿ ತೋಡಿಸು ಎಂದವರೂ ಇದ್ದರು. ನಾನು ಒಪ್ಪಲಿಲ್ಲ. ನಮ್ಮ ಮಳೆಗಾಲದಲ್ಲಿ ಗುಂಡಿಯೊಳಗೆ ನೀರು ಜಿನುಗುತ್ತದೆ. ಪೆಟ್ರೋಲ್, ಥಿನ್ನರ್ ಆವಿ ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂರುತ್ತದೆ. ಅಲ್ಲಿ ಗ್ರೈಂಡರ್‌ನ ಒಂದು ಕಿಡಿ ಸಾಕು. ಅದರ ಬದಲು ದಪ್ಪ ಪೈಪಿನಿಂದ ನಾಲ್ಕು ಸ್ಟ್ಯಾಂಡ್ ನಾನೇ ಮಾಡಿಕೊಂಡೆ. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಒಂದು ನಿಮಿಷದ ಕೆಲಸ ಇದ್ದರೂ ಬೇಡ.

ಎಂಜಿನ್ ವಿಷಯದಲ್ಲಿ ಅವಸರ ಮಾಡಲಿಲ್ಲ. ನಾಲ್ಕು ಸಿಲಿಂಡರ್, 2956 ಸಿಸಿ. ಟಾಟಾ 407 ಲಾರಿಯ ಬಳಗದ್ದೇ ಎಂಜಿನ್, ಹಾಗಾಗಿ ಸಾಮಾನು ಸಿಗುವುದು ಕಷ್ಟವಲ್ಲ. ಆದರೆ ಮೂರು ವರ್ಷ ನಿಂತ ಎಂಜಿನ್‌ಗೆ ಸೀದಾ ಸೆಲ್ಫ್ ಹೊಡೆದರೆ ಒಣಗಿದ ಪಿಸ್ಟನ್ ರಿಂಗ್ ಸಿಲಿಂಡರ್‌ನ ಒಳಗೋಡೆ ಗೀರುತ್ತದೆ. ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿದೆ. ಒಂದೊಂದು ಸಿಲಿಂಡರ್‌ಗೆ ಎರಡು ಚಮಚ ಆಯಿಲ್ ಬಿಟ್ಟು ಎರಡು ದಿನ ಸುಮ್ನೆ ಇದ್ದೆ. ಮೂರನೇ ದಿನ ಕ್ರ್ಯಾಂಕ್ ಪುಲ್ಲಿಗೆ ಉದ್ದನೆಯ ಪಾನಾ ಹಾಕಿ ಕೈಯಿಂದ ತಿರುಗಿಸಿದೆ. ಮೊದಲ ಕಾಲು ಸುತ್ತು ಗಟ್ಟಿ ಇತ್ತು, ಆಮೇಲೆ ಬಿಟ್ಟುಕೊಟ್ಟಿತು. ನಾಝಲ್ ಹಾಕುವ ಮುಂಚೆಯೇ ಸೆಲ್ಫ್ ಹೊಡೆದು ಹೆಚ್ಚಾದ ಆಯಿಲ್ ಹೊರಗೆ ಚಿಮ್ಮಲು ಬಿಟ್ಟೆ, ಆಯಿಲ್ ಪ್ರೆಶರ್ ದೀಪ ಆರುವ ತನಕ ತಿರುಗಿಸಿದೆ. ಡೀಸೆಲ್ ಟ್ಯಾಂಕ್ ಇಳಿಸಿ ನೋಡಿದರೆ ತಳದಲ್ಲಿ ನೀರು, ಕಪ್ಪು ಲೋಳೆ. ಒಳಗೆ ಒಂದು ಹಿಡಿ ನಟ್ ಹಾಕಿ, ಡೀಸೆಲ್ ಬಿಟ್ಟು, ನಾನೂ ತಮ್ಮನೂ ಅರ್ಧ ಗಂಟೆ ಅಲ್ಲಾಡಿಸಿ ತೊಳೆದೆವು. ಹೊಸ ಫಿಲ್ಟರ್ ಹಾಕಿ, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದೆ. ಎಂಜಿನ್ ಎದ್ದಿತು. ಬಿಳಿ ಹೊಗೆ ಹತ್ತು ನಿಮಿಷದಲ್ಲಿ ತಿಳಿಯಾಯಿತು. ಅಪ್ಪ ಒಳಗಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು.

ನಿಜವಾದ ಕೆಲಸ ಇದ್ದದ್ದು ಚಾಸಿಯಲ್ಲಿ. ಬೆಳಗಾವಿ ಮಳೆ ಗೊತ್ತಲ್ವಾ? ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಕೆಂಪು ಮಣ್ಣು ಪಾಟಾ (ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳ ಕಟ್ಟು) ಬ್ರಾಕೆಟ್‌ನ ಹಿಂದೆ, ಬಾಡಿಯ ಅಡ್ಡ ಚಾನಲ್‌ಗಳ ಸಂದಿಯಲ್ಲಿ ಮೆತ್ತಿಕೊಂಡು ತಿಂಗಳುಗಟ್ಟಲೆ ಹಸಿಯಾಗೇ ಇರುತ್ತದೆ. ಕಣ್ಣಿಗೆ ಕಾಣುವ ತುಕ್ಕಿಗಿಂತ ಆ ಮಣ್ಣಿನ ಹಿಂದೆ ಇರುವುದೇ ಜಾಸ್ತಿ. ಸಣ್ಣ ಸುತ್ತಿಗೆ ಹಿಡಿದು ಎರಡೂ ಬದಿಯ ಚಾಸಿಯನ್ನು ಗೇಣುಗೇಣು ತಟ್ಟುತ್ತಾ ಹೋದೆ. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ನುಡಿಯುತ್ತದೆ. ತಿಂದುಹೋದ ಜಾಗ ಹಲಗೆ ತಟ್ಟಿದ ಹಾಗೆ ಸಪ್ಪೆ. ಸಪ್ಪೆ ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿದೆ. ಏಳು ಗುರುತು. ಎಡಗಡೆ ಹಿಂದಿನ ಬ್ರಾಕೆಟ್ ಹತ್ತಿರ ಒಂದು ಸೀಳು ಕೂಡ ಇತ್ತು.

ಆ ಸೀಳಿಗೆ ನಾನು ಚೌಕಾಕಾರದ ಪ್ಲೇಟ್ ಇಟ್ಟು ನಾಲ್ಕೂ ಕಡೆ ವೆಲ್ಡಿಂಗ್ ಹೊಡೆದೆ. ನೋಡಲು ಚೆನ್ನಾಗಿತ್ತು. ಖಾಲಿ ಗಾಡಿಯನ್ನು ಓಣಿಯಲ್ಲಿ ಎರಡು ವಾರ ಓಡಿಸಿದ ಮೇಲೆ ನೋಡಿದರೆ, ಪ್ಲೇಟ್‌ನ ಅಂಚಿಗೇ ಹೊಸ ಸೀಳು. ಆಟೋನಗರದಲ್ಲಿ ಲಾರಿ ಚಾಸಿಗಳನ್ನೇ ಜೀವನವಿಡೀ ಮಾಡಿದ ಹಿರಿಯರೊಬ್ಬರಿದ್ದಾರೆ. ಅವರನ್ನು ಕರೆತಂದು ತೋರಿಸಿದೆ. "ತಮ್ಮಾ, ಗಾಡಿ ಓಡೂ ಮುಂದ ಚಾಸಿ ಬಾಗತೈತಿ, ತಿರುಚತೈತಿ. ನೀ ನೆಟ್ಟಗ ಅಡ್ಡ ಗೆರಿ ಹೊಡದೀ. ಅದು ಅಲ್ಲೇ ಸೀಳತೈತಿ," ಅಂದರು. "ಹಂಗಾದ್ರ ಏನ್ ಮಾಡ್ಲಿ ಕಾಕಾ?" ಅಂದೆ. ನೆಲದ ಮೇಲೆ ಸುಣ್ಣದಿಂದ ಬರೆದು ತೋರಿಸಿದರು.

ಆ ಭಾಗವನ್ನೆಲ್ಲ ಬಿಚ್ಚಿ ಮತ್ತೆ ಮಾಡಿದೆ. ಸೀಳಿನ ತುದಿಯಲ್ಲಿ ಡ್ರಿಲ್ ಹೊಡೆದು ಅದು ಮುಂದಕ್ಕೆ ಓಡದಂತೆ ತಡೆದೆ. ಸೀಳನ್ನು ವಿ ಆಕಾರಕ್ಕೆ ಗ್ರೈಂಡ್ ಮಾಡಿ, ತಳದವರೆಗೂ ವೆಲ್ಡಿಂಗ್ ತುಂಬಿ, ಮೇಲೆ ಸಮ ಮಾಡಿದೆ. ಅದರ ಮೇಲೆ ಅದೇ ದಪ್ಪದ ಪ್ಲೇಟ್, ಆದರೆ ಎರಡೂ ತುದಿ ಓರೆ, ಉದ್ದನೆಯ ವಜ್ರದ ಆಕಾರ. ಬಲ ಒಂದೇ ಗೆರೆಯ ಮೇಲೆ ಬೀಳದೆ ನಿಧಾನಕ್ಕೆ ಹಂಚಿಕೊಳ್ಳುತ್ತದೆ. ಚಾಸಿಯ ಮೇಲಿನ, ಕೆಳಗಿನ ಮಡಿಕೆಯ ಅಂಚಿಗೆ ಅಡ್ಡ ವೆಲ್ಡಿಂಗ್ ತಾಗಿಸಲೇ ಇಲ್ಲ. ಬ್ಯಾಟರಿಯ ವೈರ್ ಮೊದಲೇ ಬಿಚ್ಚಿದ್ದೆ, ಇಲ್ಲದಿದ್ದರೆ ಆಲ್ಟರ್ನೇಟರ್ ಡಯೋಡ್ ಸುಡುತ್ತದೆ. ಆ ಪ್ಲೇಟ್ ಇವತ್ತಿಗೂ ಹಾಗೇ ಇದೆ.

ಇದರ ನಡುವೆ ಮಳೆ ಹಿಡಿಯಿತು. ಚಾಸಿಗೆ ನಾನು ಬಳಸುತ್ತಿದ್ದುದು 7018 ಎಂಬ ವೆಲ್ಡಿಂಗ್ ರಾಡ್. ಅದು ತೇವ ಹೀರಿಕೊಂಡರೆ ವೆಲ್ಡಿಂಗ್ ಒಳಗೆ ತೂತು ಬೀಳುತ್ತದೆ, ಸೀಳುವ ಭಯವೂ ಇರುತ್ತದೆ. ತೆರೆದ ಪ್ಯಾಕೆಟ್ ರಾತ್ರಿ ಹೊರಗೆ ಬಿಟ್ಟರೆ ಮುಗೀತು. ಹಳೆಯ ತಗಡಿನ ಟ್ರಂಕ್‌ನಲ್ಲಿ 100 ವ್ಯಾಟ್ ಬಲ್ಬ್ ಉರಿಸಿ, ಜಾಲರಿಯ ಮೇಲೆ ಹೊಸ ಪ್ಯಾಕೆಟ್‌ನ ರಾಡ್ ಇಟ್ಟೆ. ಒದ್ದೆಯಾದ ರಾಡ್ ಇದರಲ್ಲಿ ಸರಿಹೋಗುವುದಿಲ್ಲ, ಒಣಗಿದ್ದು ಒದ್ದೆಯಾಗದಂತೆ ನೋಡಿಕೊಳ್ಳುತ್ತದೆ ಅಷ್ಟೇ. ಕ್ಯಾಬಿನ್ ನೆಲದ ತೆಳು ತಗಡಿಗೆ ಈ ರಾಡ್ ಆಗುವುದಿಲ್ಲ, ತೂತು ಬೀಳುತ್ತದೆ. ಅದಕ್ಕೆ ತೆಳು ತಂತಿ, ಗ್ಯಾಸ್ ಬಳಸಿ ಬೆಸೆಯುವ ಸಣ್ಣ ಮಿಗ್ ಮಷೀನ್ ತಂದೆ. ಮಿಗ್‌ಗೆ ಬೇರೆಯದೇ ತೊಂದರೆ. ಪಶ್ಚಿಮದ ಗಾಳಿ ಬೀಸಿದರೆ ವೆಲ್ಡಿಂಗ್‌ಗೆ ಗಾಳಿ ತಾಗದಂತೆ ತಡೆಯುವ ಗ್ಯಾಸ್ ಹಾರಿಹೋಗಿ, ಬೆಸುಗೆ ರೊಟ್ಟಿಯ ಮೇಲಿನ ಗುಳ್ಳೆಯ ಹಾಗೆ ಬರುತ್ತದೆ. ಹೀಗೆ ಪಶ್ಚಿಮಕ್ಕೆ ಗೋಡೆ ಎದ್ದಿತು, ಮೇಲೆ ತಗಡಿನ ಪತ್ರಾ ಬಂತು. ಪೂರ್ವದ ಕಡೆ ಬೆಳಗಿನ ಬೆಳಕಿಗಾಗಿ ಪೂರ್ತಿ ತೆರೆದೇ ಬಿಟ್ಟೆ.

ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ಫೌಂಡ್ರಿ, ಮಷೀನ್ ಶಾಪ್‌ಗಳ ಊರಲ್ಲಿ ಹುಟ್ಟಿದ್ದು ನನ್ನ ಪುಣ್ಯ ಅಂತಲೇ ಅನ್ನಿಸುತ್ತದೆ. ಪಾಟಾದ ತುದಿ ಹಿಡಿಯುವ ಶ್ಯಾಕಲ್‌ನ ಪಿನ್ ಒಂದೇ ಬದಿ ಸವೆದು ಮೊಟ್ಟೆಯಾಕಾರ ಆಗಿತ್ತು. ಮಾಲೀಕರ ಒಪ್ಪಿಗೆ ಪಡೆದು ಶಿಫ್ಟ್ ಮುಗಿದ ಮೇಲೆ ಪಿನ್ ಕೂರುವ ಗನ್‌ಮೆಟಲ್ ಬುಶ್ ನಾನೇ ತಿರುಗಿಸಿಕೊಂಡೆ, ಗ್ರೀಸ್ ಹೋಗಲು ಒಳಗೆ ಸಣ್ಣ ಕಾಲುವೆ ಕೊರೆದೆ. ಮುರಿದ ಪಾಟಾ ಪಟ್ಟಿಗಳನ್ನು ಎಸೆಯಲಿಲ್ಲ. ಅದು ಸ್ಪ್ರಿಂಗ್ ಸ್ಟೀಲ್. ಕಾಯಿಸಿ ತಟ್ಟಿದರೆ ಒಳ್ಳೆಯ ಮೀಟುಗೋಲು, ಚಾಣ ಆಗುತ್ತವೆ. ಹಳೆಯ ಬಾಡಿಯ ಗಟ್ಟಿ ಉಳಿದ ಚಾನಲ್‌ಗಳಿಂದ ಬೆಂಚ್ ಆಯಿತು. ಸವೆದ ಬ್ರೇಕ್ ಡ್ರಮ್ ಈಗ ವೈಸ್ ಕಂಬದ ತಳಕ್ಕಿದೆ, ಅಲ್ಲಾಡುವುದೇ ಇಲ್ಲ.

ಬ್ರೇಕ್‌ನಲ್ಲಿ ಹಳೆಯದು ಏನನ್ನೂ ಉಳಿಸಲಿಲ್ಲ. ಸಿಲಿಂಡರ್, ಪೈಪ್, ಹೋಸ್, ಎಣ್ಣೆ ಎಲ್ಲ ಹೊಸದು. ಬ್ರೇಕ್ ಆಯಿಲ್ ನೀರು ಹೀರುತ್ತದೆ, ಆ ನೀರು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ.

ಬಣ್ಣಕ್ಕೆ ಡಿಸೆಂಬರ್ ತನಕ ಕಾದೆ. ಹಸಿ ಗಾಳಿಯಲ್ಲಿ ಹೊಡೆದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಬಿಳಿಚಿಕೊಳ್ಳುತ್ತದೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿದರೆ ಒಂದೇ ಮಳೆಗಾಲದ ಬಾಳಿಕೆ. ಗಟ್ಟಿ ಕಬ್ಬಿಣ ಸಿಗುವ ತನಕ ಉಜ್ಜಿ, ಎಪಾಕ್ಸಿ ಪ್ರೈಮರ್ ಕೊಟ್ಟು, ಮೊದಲಿದ್ದ ಬಿಳಿ ಬಣ್ಣವನ್ನೇ ಹೊಡೆದೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು.

ಮಾರ್ಪಾಡು ಅಂತ ಮಾಡಿದ್ದು ಸ್ವಲ್ಪವೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ಅಳತೆ, ರಚನೆ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಹಾಗಾಗಿ ಬಾಡಿಯ ಉದ್ದ, ಅಗಲ, ಎತ್ತರ ಇದ್ದಂತೆಯೇ. ಮೆತ್ತಗೆ ಓಡಲಿ ಎಂದು ಪಾಟಾದ ಒಂದು ಪಟ್ಟಿ ತೆಗೆಯಲು ಹೇಳಿದವರ ಮಾತನ್ನೂ ಕೇಳಲಿಲ್ಲ, ಲೋಡ್ ಹೊರುವ ಗಾಡಿ ಅದು. ಹೆಡ್‌ಲೈಟ್‌ಗೆ ಮಾತ್ರ ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ರಿಲೇ ಸ್ವಿಚ್ ಹಾಕಿದೆ. ಹಳೆಯ ತೆಳು ವೈರಿನಲ್ಲಿ ಬಲ್ಬ್ ತನಕ ಬರುತ್ತಿದ್ದುದು 10.6 ವೋಲ್ಟ್. ಈಗ 12.9. ಬಲ್ಬ್ ಅದೇ 60/55 ವ್ಯಾಟ್, ಬೆಳಕು ಮಾತ್ರ ಬೇರೆಯೇ. ಸೀಟಿಗೆ ಹೊಸ ಫೋಮ್ ಹಾಕಿಸಿದೆ, ಅಪ್ಪನ ಸೊಂಟ ನೋವಿಗೆ.

ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಫೆಬ್ರವರಿಯಲ್ಲಿ ಒಂದೇ ಸಲಕ್ಕೆ ಪಾಸಾಯಿತು. ಮರುದಿನ ಬೆಳಿಗ್ಗೆ ಅಪ್ಪ ನನ್ನ ಪಕ್ಕ ಕೂತರು. ಗಾಡಿಯ ಮೊದಲ ಲೋಡ್ ಗೆಣಸಲ್ಲ. ಅರ್ಧ ಟನ್ ಜಲ್ಲಿ, ಎಂಟು ಚೀಲ ಸಿಮೆಂಟು. ಶೆಡ್‌ನಲ್ಲಿ ಮಣ್ಣಾಗೇ ಉಳಿದಿದ್ದ ಇನ್ನರ್ಧ ನೆಲಕ್ಕೆ.