ದಡದಲ್ಲೇ ನಿಂತು ಫ್ಲಾಟ್‌ಹೆಡ್ ಹಿಡಿಯುವುದು ಹೇಗೆ?

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ದಡದಿಂದ ಗಾಳ ಹಾಕುವವರಿಗೆ ಡಸ್ಕಿ ಫ್ಲಾಟ್‌ಹೆಡ್‌ಗಿಂತ ಒಳ್ಳೆಯ ಮೀನು ಇಲ್ಲ ಎಂದೇ ನನ್ನ ಅಭಿಪ್ರಾಯ. ದೋಣಿ ಬೇಡ, ದುಬಾರಿ ಸಲಕರಣೆ ಬೇಡ. ಕ್ವೀನ್ಸ್‌ಲ್ಯಾಂಡ್‌ನ ನೂಸಾ ನದಿ, ನ್ಯೂ ಸೌತ್ ವೇಲ್ಸ್‌ನ ಲೇಕ್ ಮಕ್ವಾರಿ, ವಿಕ್ಟೋರಿಯಾದ ಮಲ್ಲಕೂಟಾ ಹೀಗೆ ಉದ್ದಕ್ಕೂ ಅಳಿವೆಗಳಲ್ಲಿ ಸಿಗುತ್ತದೆ. ಆದರೂ ಎಷ್ಟೋ ಜನ ಬರಿಗೈಲಿ ವಾಪಸ್ ಹೋಗುತ್ತಾರೆ. ಒಂದೇ ಕಡೆ ಕುರ್ಚಿ ಹಾಕಿಕೊಂಡು ಮೀನು ಬರಲಿ ಅಂತ ಕಾಯುವುದೇ ಇದಕ್ಕೆ ಮುಖ್ಯ ಕಾರಣ.

ಈ ಮೀನಿನ ಮೈ ಚಪ್ಪಟೆ, ಕಣ್ಣು ನೆತ್ತಿಯ ಮೇಲೆ. ಮರಳಲ್ಲೋ ಕೆಸರಲ್ಲೋ ಮೈ ಹುದುಗಿಸಿ, ಕಣ್ಣು ಮಾತ್ರ ಹೊರಗಿಟ್ಟು ಮಲಗಿರುತ್ತದೆ. ಸಣ್ಣ ಮೀನು, ಸಿಗಡಿ ತೀರಾ ಹತ್ತಿರ ಬಂದಾಗ ಚಂಗನೆ ಎದ್ದು ಹಿಡಿಯುತ್ತದೆ. ದೂರದ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ಜಾಯಮಾನ ಅದರದ್ದಲ್ಲ. ಹಾಗಾಗಿ ಅದರ ಮೂಗಿನ ಮುಂದೆಯೇ ಎರೆ ಹಾದುಹೋಗುವಂತೆ ಮಾಡುವುದು ನಮ್ಮ ಕೆಲಸ.

ಮೊದಲು ಜಾಗ ನೋಡಿ

ಸಾಧ್ಯವಾದರೆ ನೀರು ಪೂರ್ತಿ ಇಳಿದಾಗ ಒಮ್ಮೆ ಸುಮ್ನೆ ನಡೆದು ಬನ್ನಿ. ಗಾಳ ಮನೆಯಲ್ಲೇ ಇರಲಿ. ನೀರು ಸರಿದ ಮರಳ ಬಯಲಲ್ಲಿ ಫ್ಲಾಟ್‌ಹೆಡ್ ಮಲಗಿದ್ದ ಅಚ್ಚು ಕಾಣುತ್ತದೆ. ಒಂದು ತುದಿ ತ್ರಿಕೋನದ ಹಾಗೆ ಅಗಲ, ಅದು ತಲೆ. ಅಲ್ಲಿಂದ ಬಾಲದ ಕಡೆಗೆ ಸಪೂರವಾಗುತ್ತಾ ಹೋಗುತ್ತದೆ. ಬಗ್ಗಿ ನೋಡಿ: ಅಂಚು ಚೂಪಾಗಿದ್ದರೆ ಮೀನು ಈಗಷ್ಟೇ ಎದ್ದು ಹೋಗಿದೆ, ಅಂಚು ಕರಗಿದ್ದರೆ ಹಳೆಯ ಗುರುತು. ತಲೆ ಯಾವ ಕಡೆ ಇತ್ತು ಅನ್ನುವುದರಿಂದ ಅದು ಯಾವ ದಿಕ್ಕಿನಿಂದ ತಿಂಡಿ ಕಾಯುತ್ತಿತ್ತು ಅಂತಲೂ ತಿಳಿಯುತ್ತದೆ. ಇಂಥ ನಾಲ್ಕಾರು ಅಚ್ಚು ಒಂದೇ ಕಡೆ ಕಂಡರೆ ಆ ಜಾಗವನ್ನು ಮರೆಯಬೇಡಿ.

ಅಚ್ಚು ಕಾಣದಿದ್ದರೂ ಪರವಾಗಿಲ್ಲ. ಮರಳ ದಿಬ್ಬ ತಟ್ಟನೆ ಆಳಕ್ಕೆ ಇಳಿಯುವ ಅಂಚು, ಕಡಲಹುಲ್ಲು ಮುಗಿದು ಬರೀ ಮರಳು ಶುರುವಾಗುವ ಗಡಿ, ಮ್ಯಾಂಗ್ರೋವ್ ಒಳಗಿನ ಸಣ್ಣ ಕಾಲುವೆ ದೊಡ್ಡ ನೀರಿಗೆ ಸೇರುವ ಬಾಯಿ, ಈ ಮೂರನ್ನು ಹುಡುಕಿ. ಪೋಲರೈಸ್ಡ್ ಕನ್ನಡಕ ಇದ್ದರೆ ನೀರಿನ ಹೊಳಪು ಕಡಿಮೆಯಾಗಿ ಅಂಚುಗಳು ಚೆನ್ನಾಗಿ ಕಾಣುತ್ತವೆ.

ಸಮಯದ ಲೆಕ್ಕ ಸರಳ. ಇಳಿತದ ಕೊನೆಯ ಎರಡು ಗಂಟೆ, ಆಮೇಲೆ ಉಬ್ಬರದ ಮೊದಲ ಒಂದು ಗಂಟೆ. ನೀರು ಇಳಿಯುವಾಗ ಬಯಲಲ್ಲಿದ್ದ ಸಣ್ಣ ಮೀನು, ಸಿಗಡಿ ಎಲ್ಲ ಕಾಲುವೆಗಳ ಮೂಲಕವೇ ಹೊರಬರಬೇಕಲ್ವಾ? ಫ್ಲಾಟ್‌ಹೆಡ್ ಅಲ್ಲೇ ಕಾಲುವೆಯ ಬಾಯಲ್ಲಿ ಕಾದಿರುತ್ತದೆ. ನೀರು ಬೆಚ್ಚಗಿರುವ ಸೆಪ್ಟೆಂಬರ್‌ನಿಂದ ಮೇವರೆಗೆ ಜಾಸ್ತಿ ಸಿಗುತ್ತದೆ.

ಸಲಕರಣೆ

ಸುಮಾರು 2.1 ಮೀಟರ್ ಉದ್ದದ ಹಗುರ ಸ್ಪಿನ್ ರಾಡ್, 2500 ಅಳತೆಯ ರೀಲ್, 4 ಕಿಲೋ ತಡೆಯುವ ಬ್ರೇಡ್ (ಎಳೆ ಹೆಣೆದ) ದಾರ ಸಾಕು. ತುದಿಗೆ 5ರಿಂದ 7 ಕಿಲೋದ ಫ್ಲೋರೋಕಾರ್ಬನ್ ಲೀಡರ್ (ದಾರಕ್ಕೂ ಎರೆಗೂ ನಡುವಿನ ಗಟ್ಟಿ ತುದಿದಾರ) ಒಂದು ಮೀಟರ್‌ಗಿಂತ ಸ್ವಲ್ಪ ಉದ್ದಕ್ಕೆ ಕಟ್ಟಿ. ಲೀಡರ್ ಬೇಕೇ ಬೇಕು, ಏಕೆಂದರೆ ಈ ಮೀನಿನ ಹಲ್ಲು ಸಣ್ಣದಾದರೂ ಅರದ ಹಾಗೆ ಉಜ್ಜುತ್ತದೆ. ಪ್ರತಿ ಮೀನು ಹಿಡಿದ ಮೇಲೂ ಲೀಡರ್ ಮೇಲೆ ಬೆರಳಾಡಿಸಿ. ತರಿತರಿ ಅನ್ನಿಸಿದರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಗಂಟು ಹಾಕಿ.

ಎರೆಗೆ 3ರಿಂದ 4 ಇಂಚಿನ, ಬಾಲ ಅಲ್ಲಾಡುವ ಸಾಫ್ಟ್ ಪ್ಲಾಸ್ಟಿಕ್ ಮೀನು. ಆಳ ಕಡಿಮೆ ಇದ್ದರೆ 3ರಿಂದ 5 ಗ್ರಾಂ ಜಿಗ್‌ಹೆಡ್ (ತಲೆಯಲ್ಲಿ ತೂಕವಿರುವ ಕೊಕ್ಕೆ), ಸೆಳೆತ ಜಾಸ್ತಿ ಇದ್ದರೆ 7ರಿಂದ 10 ಗ್ರಾಂ. ಬಣ್ಣದ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ನನ್ನ ಕೇಳಿದರೆ ತೂಕವೇ ಮುಖ್ಯ. ಎರೆ ನೆಲ ಮುಟ್ಟಬೇಕು, ಮುಟ್ಟಿದ್ದು ಕೈಗೆ ಗೊತ್ತಾಗಬೇಕು.

ಎಸೆದು ಎಳೆಯುವ ಬಗೆ

ನೀರಿಗೆ ಇಳಿಯುವ ಮುಂಚೆ ದಡದ ಗುಂಟ ಒಂದೆರಡು ಸಲ ಎಸೆಯಿರಿ. ಮೊಣಕಾಲು ಆಳದಲ್ಲೂ ಒಳ್ಳೆಯ ಮೀನು ಮಲಗಿರುತ್ತದೆ. ದಡಬಡನೆ ಇಳಿದರೆ ಅದು ಓಡಿಹೋಗುತ್ತದೆ.

ಆಮೇಲೆ ಸೆಳೆತ ಬರುವ ದಿಕ್ಕಿಗೆ, ಓರೆಯಾಗಿ ಎಸೆಯಿರಿ. ಫ್ಲಾಟ್‌ಹೆಡ್ ಸಾಮಾನ್ಯವಾಗಿ ಸೆಳೆತಕ್ಕೆ ಮುಖ ಮಾಡಿರುತ್ತದೆ. ಎರೆ ನೀರಿನ ಜೊತೆಗೇ ಅದರ ಕಡೆ ಬಂದರೆ ಸಹಜ. ಎರೆ ಮುಳುಗಲಿ, ದಾರ ಸಡಿಲವಾಗುವವರೆಗೆ ಕಾಯಿರಿ. ಸಡಿಲವಾಯಿತು ಅಂದರೆ ನೆಲ ಮುಟ್ಟಿತು. ಈಗ ರಾಡ್ ತುದಿಯನ್ನು ಎರಡು ಸಲ ಚುರುಕಾಗಿ ಮೇಲೆತ್ತಿ, ಎರೆ ನೆಲದಿಂದ ಅರ್ಧ ಮೀಟರ್ ಹಾರುವಷ್ಟು. ಮತ್ತೆ ಬೀಳಲು ಬಿಡಿ. ಬೀಳುವಾಗ ದಾರವನ್ನು ಪೂರ್ತಿ ಸಡಿಲ ಬಿಡಬೇಡಿ, ತುದಿಯನ್ನು ನಿಧಾನಕ್ಕೆ ಇಳಿಸುತ್ತಾ ದಾರದ ಮೇಲೆ ಕಣ್ಣಿಡಿ. ಹತ್ತರಲ್ಲಿ ಎಂಟು ಸಲ ಮೀನು ಕಚ್ಚುವುದು ಎರೆ ಬೀಳುವಾಗಲೇ ಎಂದು ನಂಬಿಕೊಂಡು ಕೆಲಸ ಮಾಡಿ. ‘ಟಕ್’ ಎಂದು ಕೈಗೆ ತಟ್ಟಬಹುದು, ಇಲ್ಲವೇ ದಾರ ಪಕ್ಕಕ್ಕೆ ಸರಿಯಬಹುದು. ಕೆಲವೊಮ್ಮೆ ಬೀಳಬೇಕಾದ ಎರೆ ಬೀಳುವುದೇ ಇಲ್ಲ, ಅದೂ ಮೀನೇ. ಕೂಡಲೇ ರಾಡ್ ಎತ್ತಿ.

ಎಳೆದದ್ದು ಸಾಕೆಂದು ಕೊನೆಯಲ್ಲಿ ಸರಸರನೆ ಸುತ್ತಬೇಡಿ. ಎರೆಯ ಹಿಂದೆಯೇ ಕಾಲಬುಡದವರೆಗೆ ಬಂದು ಅಲ್ಲಿ ಬಾಯಿ ಹಾಕುವುದೂ ಉಂಟು. ಕಚ್ಚಿ ತಪ್ಪಿಸಿಕೊಂಡರೆ ಅದೇ ಜಾಗಕ್ಕೆ ಮತ್ತೆ ಎಸೆಯಿರಿ. ಒಂದು ಕಡೆ ಬೀಸಣಿಗೆಯ ಆಕಾರದಲ್ಲಿ ಐದಾರು ಎಸೆತ ಮುಗಿದರೂ ಏನೂ ಆಗದಿದ್ದರೆ ಹತ್ತು ಹೆಜ್ಜೆ ಮುಂದೆ ಹೋಗಿ. ನೀರಲ್ಲಿ ನಡೆಯುವಾಗ ಚಪ್ಪಲಿ ಸಾಲದು, ಶೂ ಹಾಕಿ, ಕಾಲು ಎಳೆಯುತ್ತಾ ನಡೆಯಿರಿ. ಮರಳಲ್ಲಿ ಬಾಲದಲ್ಲಿ ಮುಳ್ಳಿರುವ ತೊರಕೆ ಮೀನೂ ಇರುತ್ತದೆ. ಸದ್ದು ತಿಳಿದು ಅದು ದೂರ ಹೋಗಲಿ.

ಪ್ಲಾಸ್ಟಿಕ್ ಬೇಡ ಎನ್ನುವವರು ಪಿಲ್ಚರ್ಡ್ ಅಥವಾ ಮಲ್ಲೆಟ್ ಮೀನಿನ ಪಟ್ಟಿ ಬಳಸಬಹುದು. ದಾರದಲ್ಲಿ ಜಾರುವ ಸಣ್ಣ ಸೀಸದ ಗುಂಡು ಹಾಕಿ, ಎರೆಯನ್ನು ನಿಧಾನಕ್ಕೆ ನೆಲದ ಮೇಲೆ ಎಳೆಯುತ್ತಲೇ ಇರಿ.

ದಡಕ್ಕೆ ತಂದ ಮೇಲೆ

ಮೀನಿನ ತಲೆಯನ್ನು ನೀರಿನಿಂದ ಮೇಲೆತ್ತಬೇಡಿ. ಎತ್ತಿದ ಕೂಡಲೇ ತಲೆ ಒದರುತ್ತದೆ, ಲೀಡರ್ ಹರಿಯುತ್ತದೆ. ನೀವೇ ಹಿಂದೆ ಹೆಜ್ಜೆ ಇಡುತ್ತಾ, ಸಣ್ಣ ಅಲೆಯ ಜೊತೆಗೆ ಮರಳಿನ ಮೇಲೆ ಜಾರಿಸಿಕೊಳ್ಳಿ. ದೊಡ್ಡದಾದರೆ ಕೈಬಲೆ ಹಿಡಿದು ನೀರಲ್ಲೇ ಇಟ್ಟುಕೊಳ್ಳಿ.

ಕಿವಿರಿನ ಮುಚ್ಚಳದ ಎರಡೂ ಬದಿಯಲ್ಲಿ ಚೂಪಾದ ಮುಳ್ಳುಗಳಿವೆ, ಚುಚ್ಚಿದರೆ ಉರಿ ಜೋರು. ಬರಿಗೈಲಿ ತಲೆ ಹಿಡಿಯಬೇಡಿ. ಬಾಯಿಗೆ ಲಿಪ್ ಗ್ರಿಪ್ (ಮೀನಿನ ತುಟಿ ಹಿಡಿಯುವ ಇಕ್ಕಳ) ಹಾಕಿ, ಹೊಟ್ಟೆಯ ಕೆಳಗೆ ಒದ್ದೆ ಕೈ ಕೊಟ್ಟು ಹಿಡಿಯಿರಿ. ಚುಚ್ಚಿದರೆ ಗಾಯ ತೊಳೆದು, ಚರ್ಮ ಸುಡದಷ್ಟು ಬಿಸಿ ನೀರಲ್ಲಿ ಅದ್ದಿದರೆ ನೋವು ಇಳಿಯುತ್ತದೆ.

ನ್ಯೂ ಸೌತ್ ವೇಲ್ಸ್‌ನಲ್ಲಿ ಡಸ್ಕಿ 36ರಿಂದ 70 ಸೆಂ.ಮೀ. ಒಳಗಿದ್ದರೆ ಮಾತ್ರ ಇಟ್ಟುಕೊಳ್ಳಬಹುದು, ಕ್ವೀನ್ಸ್‌ಲ್ಯಾಂಡ್‌ನಲ್ಲಿ 40ರಿಂದ 75. ಎರಡೂ ಕಡೆ ಒಬ್ಬರಿಗೆ ಐದೇ ಮೀನು. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಆಯಾ ರಾಜ್ಯದ ಮೀನುಗಾರಿಕೆ ಇಲಾಖೆಯ ವೆಬ್‌ಸೈಟ್ ನೋಡಿ. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾದಲ್ಲಿ ಲೈಸೆನ್ಸ್ ಶುಲ್ಕವನ್ನೂ ಕಟ್ಟಿರಬೇಕು. ದೊಡ್ಡ ಮೀನುಗಳು ಹೆಚ್ಚುಕಮ್ಮಿ ಎಲ್ಲವೂ ಹೆಣ್ಣು, ಹೊಟ್ಟೆ ತುಂಬ ಮೊಟ್ಟೆ ಹೊರುವಂಥವು. ಕಾನೂನು ಬಿಟ್ಟರೂ 60 ದಾಟಿದ್ದನ್ನು ನಾನು ಇಟ್ಟುಕೊಳ್ಳುವುದಿಲ್ಲ, ನೀವೂ ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ.

ಊಟಕ್ಕೆ 40ರಿಂದ 50 ಸೆಂ.ಮೀ. ಮೀನೇ ಚೆಂದ. ಹಿಡಿದ ಕೂಡಲೇ ಕೊಂದು, ರಕ್ತ ಬಸಿದು, ಐಸ್ ಮತ್ತು ಸಮುದ್ರದ ನೀರು ಬೆರೆಸಿದ ಡಬ್ಬಿಗೆ ಹಾಕಿ. ಕೊಬ್ಬು ಕಡಿಮೆ ಇರುವ ಬಿಳಿ ಮಾಂಸ, ಜಾಸ್ತಿ ಹೊತ್ತು ಬೇಯಿಸಿದರೆ ಒಣಗುತ್ತದೆ. ತಲೆಯ ಕಡೆಯ ತುಂಡಿನ ನಡುವೆ ಸಣ್ಣ ಮುಳ್ಳುಗಳ ಸಾಲಿದೆ, ಬೇಯಿಸುವ ಮುಂಚೆ ಅದನ್ನು ಕೊಯ್ದು ತೆಗೆಯಿರಿ.