ತಿರುಗಿಸಲು ಜಾಗವಿಲ್ಲದ ದಾರಿಯಲ್ಲಿ ಉದ್ದಕ್ಕೂ ರಿವರ್ಸ್: ನನ್ನ ಅನುಭವ

ಪಾರ್ಕಿಂಗ್ ಮಾಡಲು ರಿವರ್ಸ್ ತೆಗೆಯುವುದು ಎಲ್ಲರಿಗೂ ಗೊತ್ತು. ಆದರೆ ಒಂದೇ ಗಾಡಿ ಹಿಡಿಸುವ ದಾರಿಯಲ್ಲಿ, ಬಂದಷ್ಟು ದೂರವೂ ಹಿಂದಕ್ಕೇ ಹೋಗಬೇಕಾದರೆ ಅದು ಬೇರೆಯೇ ಕೆಲಸ. ನಾನು ಓಡಾಡುವ ಕಡೆ ಇಂಥ ದಾರಿಗಳೇ ಜಾಸ್ತಿ. ಮುಂದೆ ಮರ ಬಿದ್ದಿರುತ್ತದೆ, ಇಲ್ಲವೇ ಲೋಡ್ ತುಂಬಿದ ಲಾರಿ ಎದುರಿಗೆ ಬಂದು ನಿಂತಿರುತ್ತದೆ.

ಕಷ್ಟ ಶುರುವಾಗುವುದೇ ಸ್ಟೀರಿಂಗ್‌ನಿಂದ. ಮುಂದಕ್ಕೆ ಹೋಗುವಾಗ ಹಿಡಿತ ಸಡಿಲಿಸಿದರೆ ಚಕ್ರಗಳು ತಾವಾಗಿಯೇ ನೇರವಾಗುತ್ತವೆ. ಯಾಕಂದರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಅಕ್ಷವನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಜೋಡಿಸಿರುತ್ತಾರೆ, ಮೆಕ್ಯಾನಿಕ್‌ಗಳು ಅದನ್ನು ಕ್ಯಾಸ್ಟರ್ ಅನ್ನುತ್ತಾರೆ. ರಿವರ್ಸ್‌ನಲ್ಲಿ ಇದೇ ಜೋಡಣೆ ಉಲ್ಟಾ ಹೊಡೆಯುತ್ತದೆ. ಸ್ವಲ್ಪ ತಿರುಗಿದ ಚಕ್ರ ಇನ್ನೂ ತಿರುಗಲು ನೋಡುತ್ತದೆ. ವೇಗ ಹೆಚ್ಚಿದಷ್ಟೂ ಅದರ ಎಳೆತ ಜೋರು. ಜೊತೆಗೆ, ಕಾರಿನ ಹಿಂಭಾಗ ಎಡಕ್ಕೆ ತಿರುಗಿದರೆ ಮೂತಿ ಬಲಕ್ಕೆ ಬೀಸುತ್ತದೆ. ಹಿಂದೆ ನೋಡುತ್ತಾ ಕೂತವರಿಗೆ ಅದು ಕಲ್ಲಿಗೆ ತಾಗುವುದು ಕಾಣುವುದೇ ಇಲ್ಲ. ಅದಕ್ಕೇ ಜೊತೆಗೆ ಯಾರಾದರೂ ಇದ್ದರೆ, ತಿರುವು ಬಂದಾಗ ಇಳಿಸಿ ಮೂತಿ ನೋಡಿಕೊಳ್ಳಲು ಹೇಳುತ್ತೇನೆ.

ನಡಿಗೆಯ ವೇಗಕ್ಕಿಂತ ಹೆಚ್ಚು ನಾನು ಹೋಗುವುದಿಲ್ಲ. ನನ್ನದು ಬಲಗಡೆ ಸ್ಟೀರಿಂಗ್ ಇರುವ ಕಾರು. ಬಲಗೈ ಸ್ಟೀರಿಂಗ್‌ನ ನೆತ್ತಿಯ ಮೇಲೆ, ಎಡಗೈ ಪಕ್ಕದ ಸೀಟಿನ ಬೆನ್ನಿಗೆ. ಕುತ್ತಿಗೆಯನ್ನಷ್ಟೇ ತಿರುಚದೆ ಸೊಂಟದಿಂದಲೇ ಮೈ ತಿರುಗಿಸುತ್ತೇನೆ. ಹಿಂದಿನ ಗಾಜಿನಿಂದ ದಾರಿ ಎಷ್ಟು ದೂರ ಕಾಣುತ್ತದೋ ಅಷ್ಟು ದೂರ ಕಣ್ಣಿಡುತ್ತೇನೆ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ ಅಂತ ನನ್ನ ನಂಬಿಕೆ. ಬಂಪರ್ ಹತ್ತಿರ ನೋಡುತ್ತಿದ್ದರೆ ಕೈ ಸುಮ್ನೆ ಆಡುತ್ತಲೇ ಇರುತ್ತದೆ, ಕಾರು ಹಾವಿನ ಹಾಗೆ ಹರಿಯುತ್ತದೆ. ಹಾಗೆ ಶುರುವಾದರೆ ಹೋಗುತ್ತಲೇ ಸರಿಮಾಡಲು ನೋಡಬಾರದು. ನಿಲ್ಲಿಸಿ, ಸ್ವಲ್ಪ ಮುಂದಕ್ಕೆ ಬಂದು, ಕಾರು ನೇರ ಮಾಡಿಕೊಂಡು ಮತ್ತೆ ಹೊರಡಬೇಕು.

ಕ್ಯಾಮೆರಾ ಇದೆಯಲ್ವಾ ಅಂತ ಕೇಳುತ್ತಾರೆ. ಅದು ಕೊನೆಯ ಒಂದೆರಡು ಮೀಟರ್‌ಗೆ ಒಳ್ಳೆಯದು. ಅದರ ಅಗಲ ನೋಟದಲ್ಲಿ ದೂರದ್ದೆಲ್ಲ ಚಿಕ್ಕದಾಗಿ, ಇನ್ನೂ ದೂರ ಇರುವಂತೆ ಕಾಣುತ್ತದೆ. ರಾತ್ರಿ ರಿವರ್ಸ್ ಲೈಟಿನ ಬೆಳಕು ಹತ್ತಿರಕ್ಕೆ ಮಾತ್ರ ಸಾಕಾಗುತ್ತದೆ, ಆಗ ವೇಗ ಇನ್ನೂ ಇಳಿಸುತ್ತೇನೆ.

ಗಾಡಿಗೂ ಇದು ಸುಲಭವಲ್ಲ. ರಿವರ್ಸ್ ಗೇರ್ ಹೆಚ್ಚುಕಡಿಮೆ ಮೊದಲ ಗೇರಿನಷ್ಟೇ ನಿಧಾನ. ಅನೇಕ ಮ್ಯಾನ್ಯುಯಲ್ ಕಾರುಗಳಲ್ಲಿ ಅದರ ಹಲ್ಲುಗಳು ನೇರವಾಗಿರುತ್ತವೆ, ಆ ಕುಯ್ಯೋ ಸದ್ದು ಬರುವುದು ಅದರಿಂದಲೇ. ಸದ್ದಿಗೆ ಹೆದರಬೇಕಿಲ್ಲ, ಹಾಫ್ ಕ್ಲಚ್‌ಗೆ ಹೆದರಬೇಕು. ಏರಿನಲ್ಲಿ ಅರ್ಧ ಕ್ಲಚ್ ಹಿಡಿದೇ ಹೋದರೆ ಸುಟ್ಟ ವಾಸನೆ ಬರುತ್ತದೆ. ಸಾಧ್ಯವಾದ ಕಡೆಯೆಲ್ಲ ಕ್ಲಚ್ ಪೂರ್ತಿ ಬಿಡುತ್ತೇನೆ. ವಾಸನೆ ಬಂದರೆ ನಿಲ್ಲಿಸಿ ಆರಲು ಬಿಡುತ್ತೇನೆ. ನನ್ನ ಕುತ್ತಿಗೆಗೂ ಆಗ ಬಿಡುವು.

1930ರಲ್ಲಿ ಚಾರ್ಲ್ಸ್ ಕ್ರೈಟನ್ ಮತ್ತು ಜೇಮ್ಸ್ ಹಾರ್ಗಿಸ್ ಅನ್ನುವ ಇಬ್ಬರು ಫೋರ್ಡ್ ಮಾಡೆಲ್ ಎ ಕಾರನ್ನು ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಹೋಗಿ ಬರುವವರೆಗೂ ರಿವರ್ಸ್‌ನಲ್ಲೇ ಓಡಿಸಿದರು. 42 ದಿನ, 7,180 ಮೈಲಿ. ಅಂದರೆ ದಿನಕ್ಕೆ ಸುಮಾರು 275 ಕಿಲೋಮೀಟರ್! ಒಂದು ಕಿಲೋಮೀಟರ್ ರಿವರ್ಸ್ ಹೋದವರಿಗೆ ಆ ಲೆಕ್ಕದ ತೂಕ ಗೊತ್ತಾಗುತ್ತದೆ.

ನಾನಂತೂ ಆದಷ್ಟು ಕಡಿಮೆ ದೂರ ಹೋಗಲು ನೋಡುತ್ತೇನೆ. ಕಿರಿದಾದ ದಾರಿಗೆ ಇಳಿಯುವಾಗಲೇ ಎಲ್ಲೆಲ್ಲಿ ಅಗಲ ಇದೆ, ಯಾವ ಗೇಟಿನ ಮುಂದೆ ತಿರುಗಿಸಬಹುದು, ಯಾವ ಕಡೆ ಚರಂಡಿ ಇದೆ ಅಂತ ಗುರುತು ಇಟ್ಟುಕೊಂಡೇ ಮುಂದೆ ಹೋಗುತ್ತೇನೆ.