ಎಸ್ತ್ರೆಮದೂರಾದ ಚಳಿಗಾಲದಲ್ಲಿ ಹಕ್ಕಿ ನೋಡುವುದು ಹೇಗೆ?

ಕಾರಿನ ಬಾಗಿಲು ಧಡ್ ಅಂತ ಬಿತ್ತು. ಅಷ್ಟೇ. ನಾನೂರು ಮೀಟರ್ ಆಚೆ ಹೊಲದಲ್ಲಿ ಮೇಯುತ್ತಿದ್ದ ಹನ್ನೊಂದು ಹಕ್ಕಿಗಳು ಕತ್ತೆತ್ತಿದವು, ನಾಲ್ಕು ಹೆಜ್ಜೆ ನಡೆದವು, ಎದ್ದು ಹೋದವು. ಬೆಂಗಳೂರಿನಿಂದ ಬಂದಿದ್ದ ಗೆಳೆಯ ಇನ್ನೂ ಕ್ಯಾಮೆರಾದ ಮುಚ್ಚಳವನ್ನೂ ತೆಗೆದಿರಲಿಲ್ಲ. "ಎಲ್ಲಿ? ಎಲ್ಲಿ?" ಅಂತ ಕೇಳುತ್ತಿದ್ದ.

ನಾನು ಮ್ಯಾಡ್ರಿಡ್‌ನಲ್ಲಿದ್ದೇನೆ. ಡಿಸೆಂಬರ್ ರಜೆ ಬಂತೆಂದರೆ ಊರಿನಿಂದ ಯಾರಾದರೂ ಬರುತ್ತಾರೆ, ಅವರನ್ನು ಎಸ್ತ್ರೆಮದೂರಾಗೆ ಕರೆದುಕೊಂಡು ಹೋಗುತ್ತೇನೆ. ಪೋರ್ಚುಗಲ್ ಗಡಿಗೆ ಅಂಟಿಕೊಂಡಿರುವ, ಸ್ಪೇನ್‌ನ ನೈಋತ್ಯ ಮೂಲೆಯ ಸೀಮೆ ಅದು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಬಿಸಿಲಿಗೆ ಸುಟ್ಟು ಬೂದಿಯಾಗುವ ಈ ಬಯಲು ಚಳಿಗಾಲದಲ್ಲಿ ಹಸಿರಾಗುತ್ತದೆ. ಉತ್ತರ ಯುರೋಪಿನ ಕ್ರೌಂಚಗಳು, ಅಂದರೆ ಉದ್ದ ಕಾಲಿನ ಕ್ರೇನ್ ಹಕ್ಕಿಗಳು, ಇಲ್ಲಿಗೆ ಇಳಿಯುತ್ತವೆ. ಒಂದಲ್ಲ ಎರಡಲ್ಲ, ಲಕ್ಷಕ್ಕೂ ಜಾಸ್ತಿ. ಇಷ್ಟೆಲ್ಲ ಇದ್ದೂ ಬಂದವರಲ್ಲಿ ಅರ್ಧ ಜನ ಹಾರಿಹೋಗುವ ಹಕ್ಕಿಯ ಬೆನ್ನನ್ನಷ್ಟೇ ನೋಡಿ ವಾಪಸಾಗುತ್ತಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

1. ದಿನ, ಊರು, ಕಾರು

ನವೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದೊಳಗೆ ಹೋಗಿ. ಆಮೇಲೆ ಕ್ರೌಂಚಗಳು ಗಂಟುಮೂಟೆ ಕಟ್ಟುತ್ತವೆ. ತ್ರುಹೀಯೊ ಊರಿನಲ್ಲಿ ರೂಮ್ ಮಾಡಿ. ಮ್ಯಾಡ್ರಿಡ್‌ನಿಂದ ಎ-5 ಹೆದ್ದಾರಿಯಲ್ಲಿ ಸುಮಾರು 250 ಕಿಲೋಮೀಟರ್. ಬಾಡಿಗೆ ಕಾರು ಬೇಕೇ ಬೇಕು, ಬಸ್ಸು ನಂಬಿಕೊಂಡರೆ ಬಯಲು ಕಾಣುವುದಿಲ್ಲ. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒದಲ್ಲಿ ಕೊಡುವ ಅಂತಾರಾಷ್ಟ್ರೀಯ ಪರವಾನಗಿಯನ್ನೂ ಇಟ್ಟುಕೊಳ್ಳಿ.

ಮೂರು ದಿನ ಸಾಕು. ಒಂದು ಬಯಲಿಗೆ, ಒಂದು ಕ್ರೌಂಚಕ್ಕೆ, ಒಂದು ಮೊನ್‌ಫ್ರಾಗ್ವೆ ರಾಷ್ಟ್ರೀಯ ಉದ್ಯಾನಕ್ಕೆ. ಮೊನ್‌ಫ್ರಾಗ್ವೆಗೆ ಯಾವ ವಿದ್ಯೆಯೂ ಬೇಡ. 'ಸಾಲ್ತೊ ದೆಲ್ ಹಿತಾನೊ' ಎಂಬ ಬಂಡೆಯ ಎದುರು ಕಾರು ನಿಲ್ಲಿಸಿ ತಲೆ ಎತ್ತಿದರೆ ರಣಹದ್ದುಗಳು ಸುತ್ತುತ್ತಿರುತ್ತವೆ. ರಾಮನಗರದ ಬೆಟ್ಟದಲ್ಲಿ ಒಂದೇ ಒಂದು ರಣಹದ್ದಿಗಾಗಿ ಕತ್ತು ನೋಯಿಸಿಕೊಂಡವರಿಗೆ ಇಲ್ಲಿ ಮಾತೇ ಹೊರಡುವುದಿಲ್ಲ.

2. ಸಾಮಾನು

ಬೈನಾಕ್ಯುಲರ್ 8×42 ಇರಲಿ, ಅಂದರೆ ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವಂಥದ್ದು. ಇದರಲ್ಲಿ ಚೌಕಾಸಿ ಬೇಡ. ಪೆಟ್ಟಿಗೆಯ ಮೇಲೆ '30×60' ಅಂತ ದಪ್ಪಕ್ಷರದಲ್ಲಿ ಬರೆದು ಮಾರುವ ಅಂಗೈ ಅಗಲದ ದುರ್ಬೀನು ಬರುತ್ತದಲ್ಲ, ಅದನ್ನು ಮಕ್ಕಳಿಗೆ ಕೊಟ್ಟುಬಿಡಿ. ಜೂಮ್ ಬೈನಾಕ್ಯುಲರ್ ಕೂಡ ಬೇಡ. ಸಂಜೆ ಬೆಳಕಿನಲ್ಲಿ ಅದರೊಳಗೆ ಕಾಣುವುದು ಕತ್ತಲೆ ಮಾತ್ರ. ಟೆಲಿಸ್ಕೋಪ್ ಇದ್ದರೆ ಒಳ್ಳೆಯದು, ಬಯಲಿನಲ್ಲಿ ದೂರ ಜಾಸ್ತಿ.

ಟೆಲಿಸ್ಕೋಪಿಗೆ ಟ್ರೈಪಾಡ್ ಹೊತ್ತು ತರುವ ಬದಲು ನನ್ನ ಉಪಾಯ ಕೇಳಿ. ಹಳೆ ಜೀನ್ಸ್‌ನ ಒಂದು ಕಾಲು ಕತ್ತರಿಸಿ, ಒಂದು ತುದಿ ಹೊಲಿದು ತನ್ನಿ. ಇಲ್ಲಿನ ಅಂಗಡಿಯಲ್ಲಿ ಕಾಬೂಲಿ ಕಡಲೆಯ ಒಂದೊಂದು ಕಿಲೋದ ಎರಡು ಪ್ಯಾಕೆಟ್ ಕೊಂಡು, ಒಡೆಯದೆ ಹಾಗೇ ಒಳಗೆ ತುರುಕಿ ಬಾಯಿ ಕಟ್ಟಿ. ಕಾರಿನ ಕಿಟಕಿಯ ಅಂಚಿನ ಮೇಲೆ ಅದನ್ನಿಟ್ಟು ಟೆಲಿಸ್ಕೋಪ್ ಒರಗಿಸಿದರೆ ಅಲುಗಾಡುವುದಿಲ್ಲ. ಕೊನೆಯ ದಿನ ಪ್ಯಾಕೆಟ್ ಒಡೆದು ಉಸ್ಲಿ ಮಾಡಿಕೊಳ್ಳಿ.

ಬಟ್ಟೆಯ ಬಗ್ಗೆ ಒಂದೇ ಮಾತು: ಕೈ ಆಡಿಸಿದರೆ ಸರಸರ ಅನ್ನುವ ಜಾಕೆಟ್ ಬೇಡ. ಅಂಗಡಿಯಲ್ಲೇ ಹಾಕಿಕೊಂಡು ಕೈ ಆಡಿಸಿ ನೋಡಿ. ಬೆಳಿಗ್ಗೆ ಸೊನ್ನೆ ಡಿಗ್ರಿ ಹತ್ತಿರ ಇರುತ್ತದೆ, ಮಧ್ಯಾಹ್ನ ಹದಿಮೂರು ಹದಿನಾಲ್ಕಕ್ಕೆ ಏರುತ್ತದೆ. ಒಂದರ ಮೇಲೊಂದು ಹಾಕಿಕೊಂಡು ಹೊರಡಿ.

3. ಬೆಳಿಗ್ಗೆ ಏಳುವುದು

ಐದಕ್ಕೆ ಅಲಾರಂ ಇಡಬೇಡಿ. ನಮ್ಮವರು ಎಲ್ಲರೂ ಇಡುತ್ತಾರೆ, ಕತ್ತಲಲ್ಲಿ ಕೂತು ನಡುಗುತ್ತಾರೆ. ಸ್ಪೇನ್‌ನ ಗಡಿಯಾರ ಮಧ್ಯ ಯುರೋಪಿನ ಸಮಯಕ್ಕೆ ಕಟ್ಟಿದ್ದು, ಎಸ್ತ್ರೆಮದೂರಾ ಇರುವುದು ಅದರ ಪಶ್ಚಿಮದ ಅಂಚಿನಲ್ಲಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವಾಗ ಎಂಟೂವರೆ ದಾಟಿರುತ್ತದೆ. ಏಳೂವರೆಗೆ ಎದ್ದು, ಬಾರ್‌ನಲ್ಲಿ ಟೊಮೇಟೊ ಸವರಿದ ಟೋಸ್ಟ್ ತಿಂದು, ಹಾಲು ಕಾಫಿ ಕುಡಿದು ಹೊರಟರೂ ಬೇಕಾದಷ್ಟು ಹೊತ್ತಿರುತ್ತದೆ. ಇಲ್ಲಿ ಬಾರ್ ಅಂದರೆ ನಮ್ಮ ದರ್ಶಿನಿ ಇದ್ದ ಹಾಗೆ, ಗಾಬರಿಯಾಗಬೇಡಿ.

ಗ್ವಾದಿಯಾನಾ ನದಿ ಕಣಿವೆಯಲ್ಲಿ ಮಂಜು ಕವಿದರೆ ಮಧ್ಯಾಹ್ನದವರೆಗೂ ಬಿಡದೇ ಇರಬಹುದು. ಆ ದಿನ ಕಣಿವೆ ಬಿಟ್ಟು ಎತ್ತರದ ಬಯಲಿಗೆ ಹೋಗಿ.

4. ಬಯಲು: ಎಲ್ಲರೂ ಎಡವುವ ಜಾಗ

ತ್ರುಹೀಯೊ ಮತ್ತು ಕಾಸೆರೆಸ್ ನಡುವೆ, ಸಾಂತಾ ಮಾರ್ತಾ ದೆ ಮಗಾಸ್ಕಾ ಎಂಬ ಹಳ್ಳಿಯ ಸುತ್ತ, ಮರವೇ ಇಲ್ಲದ ಬಯಲು ಹಬ್ಬಿದೆ. ಕುರಿ, ಕಲ್ಲು, ಹುಲ್ಲು. ಅಲ್ಲಿರುವುದೇ ಅವುತಾರ್ದಾ, ಅಂದರೆ ಗ್ರೇಟ್ ಬಸ್ಟರ್ಡ್. ನಮ್ಮ ಸಿರುಗುಪ್ಪದ ಎರೆಹೊಲಗಳ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ದಾಯಾದಿ. ಗಂಡು ಹದಿನೈದು ಕಿಲೋವರೆಗೂ ತೂಗುತ್ತದೆ. ಅಷ್ಟು ದೊಡ್ಡ ಹಕ್ಕಿ, ಬೋಳು ಬಯಲು, ಕಾಣದೆ ಎಲ್ಲಿ ಹೋಗುತ್ತದೆ ಅಂತ ನಿಮಗನಿಸಬಹುದು. ಕಾಣುವುದಿಲ್ಲ. ಅದು ನಿಮ್ಮನ್ನು ಮೊದಲೇ ನೋಡಿರುತ್ತದೆ.

ಮೊದಲನೆಯದು, ಸೂರ್ಯ. ಬೆಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನ ಕೂಡ ಸೂರ್ಯ ಅರ್ಧ ಆಕಾಶದ ಮೇಲಿರುತ್ತಾನೆ. ಇಲ್ಲಿ ನಡುಮಧ್ಯಾಹ್ನವೂ ದಿಗಂತದಿಂದ 27 ಡಿಗ್ರಿಯಷ್ಟೇ ಮೇಲೆ. ದಿನವಿಡೀ ದಕ್ಷಿಣದಲ್ಲಿ ತಗ್ಗಿಕೊಂಡೇ ನಡೆಯುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದರೆ ಎಲ್ಲ ಹಕ್ಕಿಯೂ ಕರೀ ಬೊಂಬೆ. ಹಾಗಾಗಿ ಪೂರ್ವ-ಪಶ್ಚಿಮವಾಗಿ ಹೋಗುವ ದಾರಿ ಹಿಡಿದು ಉತ್ತರದ ಹೊಲಗಳನ್ನು ನೋಡಿ. ಇಲ್ಲಿನ ಕಾರಿಗೆ ಸ್ಟೀರಿಂಗ್ ಎಡಕ್ಕಿರುತ್ತದೆ. ಪೂರ್ವಕ್ಕೆ ಹೋಗುವಾಗ ಓಡಿಸುವವರ ಕಿಟಕಿ ಉತ್ತರಕ್ಕೆ, ಪಶ್ಚಿಮಕ್ಕೆ ತಿರುಗಿದರೆ ಪಕ್ಕದವರ ಕಿಟಕಿ ಉತ್ತರಕ್ಕೆ. ಒಂದು ಸಲ ಹೋಗಿ ಒಂದು ಸಲ ಬಂದರೆ ಯಾರಿಗೂ ಮುನಿಸಿಲ್ಲ.

ಎರಡನೆಯದು, ನಿಲ್ಲಿಸುವ ರೀತಿ. ದಾರಿ ಸ್ವಲ್ಪ ಏರಿದ ಕಡೆ, ಬೇರೆಯವರಿಗೆ ಅಡ್ಡವಾಗದಂತೆ ನಿಲ್ಲಿಸಿ. ಬರುವಾಗಲೇ ವೇಗ ಇಳಿಸುತ್ತಾ ಬನ್ನಿ, ಗಕ್ಕನೆ ಬ್ರೇಕ್ ಬೇಡ. ಕಿಟಕಿಯನ್ನು ನಿಲ್ಲಿಸುವ ಮೊದಲೇ ಇಳಿಸಿಕೊಳ್ಳಿ. ಎಂಜಿನ್ ಆಫ್. ಆನ್ ಇಟ್ಟರೆ ಟೆಲಿಸ್ಕೋಪ್ ಒಳಗೆ ಪ್ರಪಂಚವೇ ನಡುಗುತ್ತದೆ. ಆಮೇಲೆ ಸುಮ್ನೆ ಕೂತಿರಿ. ಬಾಗಿಲು ತೆಗೆಯಬೇಡಿ. ಇದನ್ನು ಮೂರು ಸಲ ಹೇಳಬೇಕು ಅನಿಸುತ್ತದೆ, ಒಂದೇ ಸಲ ಹೇಳುತ್ತೇನೆ. ಬಯಲಿನ ಹಕ್ಕಿಗೆ ಕಾರು ಅಂದರೆ ಒಂದು ಪೆಟ್ಟಿಗೆ, ಅದರಿಂದ ಇಳಿದದ್ದು ಅಂದರೆ ಮನುಷ್ಯ. ಪೆಟ್ಟಿಗೆಗೆ ಅದು ಅಷ್ಟಾಗಿ ಹೆದರುವುದಿಲ್ಲ.

ಮೂರನೆಯದು, ಹುಡುಕುವುದು. ಬೈನಾಕ್ಯುಲರ್ ಹಿಡಿದು ಅತ್ತ ಇತ್ತ ಆಡಿಸಿದರೆ ಏನೂ ಸಿಗುವುದಿಲ್ಲ. ಹೊಲ ಉಳುವ ಹಾಗೆ ನೋಡಬೇಕು. ಹತ್ತಿರದ ಬದುವಿನಿಂದ ಶುರು ಮಾಡಿ, ಎಡದಿಂದ ಬಲಕ್ಕೆ ಒಂದು ಸಾಲು. ಕೊನೆ ಮುಟ್ಟಿದ ಮೇಲೆ ತುಸು ಮೇಲೆತ್ತಿ, ಬಲದಿಂದ ಎಡಕ್ಕೆ ಇನ್ನೊಂದು. ದಿಗಂತದವರೆಗೆ ಹೀಗೇ. ಒಂದು ಜಾಗಕ್ಕೆ ಹತ್ತು ನಿಮಿಷವಾದರೂ ಕೊಡಿ. ಹುಡುಕಬೇಕಾದ್ದು ಹಕ್ಕಿಯನ್ನಲ್ಲ, ಕೋಲನ್ನು. ಹುಲ್ಲಿನ ಮೇಲೆ ನೆಟ್ಟ ಹಾಗೆ ನಿಂತ ಬೂದು ಕೋಲು, ಅದು ಕತ್ತು. ಅದರ ಕೆಳಗೆ ಇಟ್ಟಿಗೆ ಬಣ್ಣದ ಬೆನ್ನು ಇರುತ್ತದೆ, ಕುಳಿತಿದ್ದರೆ ಮಣ್ಣಿನ ಹೆಂಟೆ ಅಂದುಕೊಂಡು ದಾಟಿಬಿಡುತ್ತೀರಿ. ಒಂದು ಕೋಲು ಸಿಕ್ಕಿದರೆ ಪಕ್ಕದಲ್ಲೇ ಇನ್ನೂ ಇರುತ್ತವೆ. ಚಳಿಗಾಲದಲ್ಲಿ ಗಂಡುಗಳದೇ ಒಂದು ಗುಂಪು, ಹೆಣ್ಣುಗಳದೇ ಒಂದು.

ನಾಲ್ಕನೆಯದು, ಕತ್ತು ಓದುವುದು. ಇದು ಬಂದರೆ ಉಳಿದದ್ದೆಲ್ಲ ಬಂದ ಹಾಗೆ. ಎಲ್ಲ ತಲೆಗಳೂ ಕೆಳಗಿದ್ದು ಮೇಯುತ್ತಿದ್ದರೆ ನೀವು ಅವುಗಳ ಲೆಕ್ಕದಲ್ಲಿಲ್ಲ. ಒಂದು ಕತ್ತು ಮೇಲೆದ್ದು ನಿಂತಿತೋ, ನಿಮ್ಮ ಕೈಯೂ ಅಲ್ಲೇ ನಿಲ್ಲಬೇಕು. ಅದು ಮತ್ತೆ ಬಗ್ಗುವ ತನಕ ಥರ್ಮಾಸ್ ಮುಚ್ಚಳ ಕೂಡ ತಿರುಗಿಸಬೇಡಿ. ಎಲ್ಲ ಕತ್ತುಗಳೂ ಎದ್ದು, ಎಲ್ಲವೂ ಒಂದೇ ದಿಕ್ಕಿಗೆ ನಡೆಯತೊಡಗಿದರೆ ತಪ್ಪು ಆಗಿಹೋಗಿದೆ. ನಿಧಾನಕ್ಕೆ ಹೊರಟುಬಿಡಿ. ಚಳಿಯಲ್ಲಿ ಅಷ್ಟು ಭಾರದ ಮೈಯನ್ನು ಎಬ್ಬಿಸಿ ಹಾರಿಸುವುದು ಅದಕ್ಕೆ ಪುಕ್ಕಟೆ ಕೆಲಸವಲ್ಲ.

ಹಾರಿಹೋದ ಮೇಲೆ "ಆ ಕಡೆಯಿಂದ ಸುತ್ತಿಕೊಂಡು ಹೋಗೋಣ, ಅಲ್ಲಿ ಸಿಗ್ತಾವೆ" ಅನ್ನುವವರು ಒಬ್ಬರಾದರೂ ಕಾರಿನಲ್ಲಿರುತ್ತಾರೆ. ನಾನೂ ಒಮ್ಮೆ ಆ ಮಾತು ಕೇಳಿ ಮಳೆ ಬಿದ್ದ ಮರುದಿನ ಮಣ್ಣುದಾರಿಗೆ ಇಳಿದೆ. ಚಕ್ರ ಅರ್ಧ ಹೂತಿತು. ಒಬ್ಬ ರೈತ ಟ್ರ್ಯಾಕ್ಟರ್ ತಂದು ಎಳೆದು ಕೊಟ್ಟ, ದುಡ್ಡು ಮುಟ್ಟಲಿಲ್ಲ. ಕಾರು ತೊಳೆಸಿದ್ದಕ್ಕೆ ಮಾತ್ರ ನನ್ನ ಜೇಬು ಹಗುರಾಯಿತು. ಟಾರು ಬಿಡಬೇಡಿ.

ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆ ಒಳ್ಳೆಯ ಹೊತ್ತು. ಬಿಸಿಲೇರಿದರೆ ಚಳಿಗಾಲದಲ್ಲೂ ನೆಲದ ಮೇಲೆ ಗಾಳಿ ಕುಣಿಯತೊಡಗುತ್ತದೆ, ದೂರದ ಹಕ್ಕಿ ನೀರಿನೊಳಗಿನ ಮೀನಿನ ಹಾಗೆ ಕಾಣುತ್ತದೆ.

ಹೀಗೆ ಕಾಯುವಾಗ ಉಳಿದವು ತಾವಾಗಿ ಬರುತ್ತವೆ. ಜುಟ್ಟಿನ ಟಿಟ್ಟಿಭಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಅವಕ್ಕೆ ಇಲ್ಲಿ 'ಅವೆಫ್ರಿಯಾ' ಅನ್ನುತ್ತಾರೆ, ಚಳಿಹಕ್ಕಿ ಅಂತ ಅರ್ಥ. ಕವಲು ಬಾಲದ ಕೆಂಪು ಹದ್ದುಗಳು ತೇಲುತ್ತವೆ. ತಂತಿಯ ಮೇಲೆ ಕೆಂಗಣ್ಣಿನ ಪುಟ್ಟ ಬಿಳಿ ಗಿಡುಗ ಕೂತಿದ್ದರೆ ಚೆನ್ನಾಗಿ ನೋಡಿ, ನಿಮಗೆ ಪರಿಚಯದ್ದೇ. ಹೆಸರಘಟ್ಟದ ಹುಲ್ಲುಗಾವಲಿನ ಬ್ಲ್ಯಾಕ್ ವಿಂಗ್ಡ್ ಕೈಟ್ ಮತ್ತು ಇದು ಒಂದೇ ಜಾತಿ. ಚಂದ್ರಮುಕುಟವೂ ಸಿಗುತ್ತದೆ. ಲಿಟಲ್ ಬಸ್ಟರ್ಡ್ ಸಿಗದಿದ್ದರೆ ಬೇಜಾರಾಗಬೇಡಿ, ಈಚೆಗೆ ತೀರಾ ಕಡಿಮೆಯಾಗಿಬಿಟ್ಟಿದೆ.

ಕೂಗು ಕೇಳಿ ಹೆಸರು ಹೇಳುವ ಆ್ಯಪ್ ಬಗ್ಗೆ ಒಂದು ಮಾತು. ಜನವರಿಯಲ್ಲಿ ಅದು 'ಗೋಲ್ಡನ್ ಓರಿಯೋಲ್' ಅಂದರೆ ಕುಣಿಯಬೇಡಿ. ಆ ಹಕ್ಕಿ ಆಗ ಆಫ್ರಿಕಾದಲ್ಲಿರುತ್ತದೆ. ಚಾವಣಿಯ ಮೇಲೆ ಕೂತ ಕರೀ ಸ್ಟಾರ್ಲಿಂಗ್ ಅಣಕ ಮಾಡುತ್ತಿರುತ್ತದೆ. ಇನ್ನು ಫೋನಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವವರ ಜೊತೆ ನಾನು ಎರಡನೇ ಸಲ ಹೋಗುವುದಿಲ್ಲ.

5. ದೆಹೇಸಾದಲ್ಲಿ ನಡಿಗೆ

ಕಾಲಾಡಿಸುವುದು ಇಲ್ಲಿ. ದೆಹೇಸಾ ಅಂದರೆ ಓಕ್ ಮರಗಳನ್ನು ದೂರ ದೂರ ಉಳಿಸಿಕೊಂಡು ನಡುವೆ ದನ, ಕುರಿ, ಹಂದಿ ಮೇಯಿಸುವ ತೋಪು. ಚಳಿಗಾಲದಲ್ಲಿ ಓಕ್ ಕಾಯಿ ಉದುರುತ್ತದೆ. ಕರಿ ಹಂದಿಗಳೂ ಅದನ್ನೇ ತಿನ್ನುತ್ತವೆ, ಕ್ರೌಂಚಗಳೂ ಅದನ್ನೇ ತಿನ್ನುತ್ತವೆ.

ಹಳೆಯ ಕುರಿದಾರಿಗಳನ್ನು ಹಿಡಿದು ನಡೆಯಿರಿ. 'ಕನ್ಯಾದಾ' ಅನ್ನುತ್ತಾರೆ. ಕುರಿಹಿಂಡುಗಳು ಋತುವಿಗೊಮ್ಮೆ ಊರು ಬದಲಿಸುತ್ತಿದ್ದ ದಾರಿಗಳಿವು, ದೊಡ್ಡವು 75 ಮೀಟರ್ ಅಗಲ. 1995ರ ಕಾನೂನಿನ ಪ್ರಕಾರ ಇವು ಸಾರ್ವಜನಿಕ ಆಸ್ತಿ, ಯಾರೂ ತಡೆಯುವಂತಿಲ್ಲ. ಪಕ್ಕದ ಬೇಲಿ ಹಾರುವುದು ಮಾತ್ರ ಬೇಡ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿ ಮುಚ್ಚಿ.

ಕಪ್ಪು-ಬಿಳಿ ಬಣ್ಣದ ಸಣ್ಣ ತಗಡು ಕಂಡರೆ ಅದು ಖಾಸಗಿ ಬೇಟೆ ಜಾಗದ ಗುರುತು. ಚಳಿಗಾಲವೇ ಬೇಟೆಯ ಕಾಲ. ಶನಿವಾರ, ಭಾನುವಾರ, ಹಬ್ಬದ ದಿನ ಗುಂಡಿನ ಸದ್ದು ಕೇಳಿಸಿದರೆ ವಾಪಸ್ ತಿರುಗಿ. ಕುರಿಹಿಂಡಿನ ಜೊತೆ ಕರುವಿನಷ್ಟು ದೊಡ್ಡ ಕಾವಲುನಾಯಿ ಇರುತ್ತದೆ. ಓಡಬೇಡಿ, ದಿಟ್ಟಿಸಬೇಡಿ, ಹಿಂಡನ್ನು ದೂರದಿಂದ ಬಳಸಿ ಹೋಗಿ.

ಹಸಿವಾದರೆ: ಸಸ್ಯಾಹಾರಿ ಅಂತ ಹೇಳಿದರೂ ಹ್ಯಾಮ್ ಚೂರು ಉದುರಿಸಿ ತರುವುದುಂಟು. ಬುತ್ತಿ ಕಟ್ಟಿಕೊಳ್ಳಿ. 'ತೋರ್ತಾ ದೆಲ್ ಕಾಸಾರ್' ಎಂಬ ಕುರಿಹಾಲಿನ ಚೀಸ್ ಕೊಳ್ಳಿ. ಇದರ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುವುದಿಲ್ಲ, ಒಂದು ಬಗೆಯ ಮುಳ್ಳುಗಿಡದ ಹೂವು ಹಾಕುತ್ತಾರೆ. ಮೇಲಿನ ಸಿಪ್ಪೆ ಕೊಯ್ದು, ಒಳಗಿನ ಮೆತ್ತನೆಯದನ್ನು ಚಮಚದಲ್ಲಿ ತೆಗೆದು ಚಪಾತಿಗೆ ಸವರಿ. ನಾನು ಹಾಗೇ ತಿನ್ನುವುದು.

6. ಸಂಜೆ, ಕ್ರೌಂಚ

ನವಲ್ವಿಯಾರ್ ದೆ ಪೇಲಾ ಊರಿನ ಹತ್ತಿರ ಮೊಏದಾ ಆಲ್ತಾ ಎಂಬ ದೆಹೇಸಾ ಇದೆ. ಸುತ್ತ ಭತ್ತ, ಮೆಕ್ಕೆಜೋಳದ ಕೂಳೆ ಹೊಲಗಳು. ಹಗಲೆಲ್ಲ ಕ್ರೌಂಚಗಳು ಅಲ್ಲಿ ಕಾಳು ಹೆಕ್ಕುತ್ತವೆ, ಸಂಜೆ ತೆಳುನೀರಿನಲ್ಲಿ ನಿಂತು ಮಲಗಲು ಹಾರಿಬರುತ್ತವೆ. ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆಯ ಹೊತ್ತಿಗೆ ಮುಳುಗುತ್ತಾನೆ. ನಾಲ್ಕೂವರೆಗೆ ಅಲ್ಲಿರಿ.

ಅವು ಹಾರುವ ದಾರಿಯ ಕೆಳಗೆ ನಿಲ್ಲಿ, ಮಲಗುವ ನೀರಿನ ಹತ್ತಿರ ಹೋಗಬೇಡಿ. ಮೊದಲು ಸದ್ದು ಬರುತ್ತದೆ, ಆಮೇಲೆ ಸಾಲು. ಆ ತುತ್ತೂರಿಗಳ ನಡುವೆ ಕಿವಿಗೊಟ್ಟರೆ ತೆಳ್ಳನೆ 'ಪೀ... ಪೀ...' ಅನ್ನುವ ಸಿಳ್ಳೆ ಕೇಳುತ್ತದೆ. ಅದು ಆ ವರ್ಷದ ಮರಿ. ದೊಡ್ಡವರ ಗಂಟಲು ಅದಕ್ಕಿನ್ನೂ ಬಂದಿಲ್ಲ. ಬೈನಾಕ್ಯುಲರ್ ಇಳಿಸಿ, ಮೂರು ನಾಲ್ಕು ಹಕ್ಕಿಗಳ ಪುಟ್ಟ ಸಾಲುಗಳನ್ನು ಎಣಿಸಿ: ಅಪ್ಪ, ಅಮ್ಮ, ಒಂದೋ ಎರಡೋ ಮರಿ. ಸಾವಿರಗಟ್ಟಲೆ ಹಿಂಡು ಅಂತ ಕಂಡದ್ದರೊಳಗೆ ಇಂಥ ಎಷ್ಟೋ ಸಂಸಾರಗಳಿರುತ್ತವೆ.

ಕಾರನ್ನು ಬಂದ ಕೂಡಲೇ ಊರಿನ ಕಡೆಗೆ ತಿರುಗಿಸಿ ನಿಲ್ಲಿಸಿರಬೇಕು. ಕತ್ತಲಾದ ಮೇಲೆ ತಿರುಗಿಸಲು ಹೋದರೆ ಹೆಡ್‌ಲೈಟ್ ನೀರಿನ ಮೇಲೆ ಬೀಸಿ ಇಡೀ ಹಿಂಡು ಏಳುತ್ತದೆ. ವಾಪಸ್ ಬರುವಾಗ ಕಾಡುಹಂದಿ ಅಡ್ಡ ಬರುತ್ತವೆ, ನಿಧಾನಕ್ಕೆ ಓಡಿಸಿ. ಹೇಗಿದ್ದರೂ ಈ ದೇಶದಲ್ಲಿ ರಾತ್ರಿ ಎಂಟೂವರೆಗೆ ಮೊದಲು ಊಟ ಬಡಿಸುವವರಿಲ್ಲ.